ಎರಡನೇ ಬೀಗದ ಕೈ

ಸುಮಾ ತನ್ನ ಕಂಪ್ಯೂಟರನ್ನು ಕಾಯುತ್ತಿದ್ದ ರೀತಿ ನೋಡಿದ್ದರೆ ನಿಧಿ ಕಾಯುವ ಸರ್ಪವೂ ನಾಚಿಕೊಳ್ಳುತ್ತಿತ್ತು. ನೀರು ಕುಡಿಯಲು ಎದ್ದರೂ ಪರದೆ ಲಾಕ್ ಮಾಡಬೇಕು, ಮತ್ತೆ ಕೂತರೆ ಪಾಸ್‌ವರ್ಡ್ ಹೊಡೆಯಬೇಕು. ಕಿಟಕಿಯಿಂದ ಯಾರಿಗೂ ಕಾಣದಂತೆ ಮೇಜನ್ನೇ ತಿರುಗಿಸಿದ್ದಳು. ಕಂಪ್ಯೂಟರಿನ ಪೆಟ್ಟಿಗೆಯನ್ನು ಯಾರಾದರೂ ಬಿಚ್ಚಿದರೆ ತಿಳಿಯಲಿ ಎಂದು ಅದರ ಬೆನ್ನಿಗೆ ಕಂಪನಿಯವರು ಕಳಿಸಿದ ಬೆಳ್ಳಿ ಬಣ್ಣದ ಸೀಲು. ಒಮ್ಮೆ ಕಿತ್ತರೆ ಮತ್ತೆ ಅಂಟುವಂಥದ್ದಲ್ಲ. ಇಷ್ಟು ಸಾಲದೆಂದು ಕೋಣೆಯ ಬಾಗಿಲಿಗೆ ಅಂಗೈ ಅಗಲದ ಬೀಗ.

ಕಾರಣವಿತ್ತು. ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪ್ ಮಾಡುವುದು ಅವಳ ಕೆಲಸ. ಯಾರಿಗೆ ಯಾವ ರೋಗ ಎಂಬುದೆಲ್ಲ ಆ ಪೆಟ್ಟಿಗೆಯಲ್ಲಿ. ಬೇರೆಯವರ ಕೈ ತಾಗಿದರೆ ಕೆಲಸ ಹೋಯಿತೆಂದೇ ತಿಳಿಯಿರಿ ಎಂದು ಸೂಪರ್‌ವೈಸರ್ ಗಿರೀಶ ಮೊದಲ ದಿನವೇ ಹೇಳಿದ್ದ. ಕೆಲಸ ಹೋದರೆ ಗುತ್ತೂರಿನ ಅಣ್ಣನ ಮನೆಯೇ ಗತಿ. ಹರಿಹರದ ಗಂಡನ ಮನೆ ಬಿಟ್ಟುಬಂದ ಮೇಲೆ ಕೆಲಕಾಲ ಅಲ್ಲಿದ್ದಳು. ಅತ್ತಿಗೆ ಬೈದವಳಲ್ಲ, ಆದರೆ ಇವಳು ಎರಡನೇ ಸಲ ಸಾರು ಹಾಕಿಕೊಂಡರೆ ಪಾತ್ರೆಯೊಳಗೆ ಇಣುಕಿ ನೋಡುತ್ತಿದ್ದಳು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಹಾಗಾಗಿ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಈ ಬಾಡಿಗೆಯ ಮಹಡಿ ಕೋಣೆ. ಕೆಳಗೆ ಮನೆಯ ಯಜಮಾನಿ ಅನ್ನಪೂರ್ಣಮ್ಮ ಮತ್ತು ಕಾಳುಕಡ್ಡಿ ಅಂಗಡಿಯ ಅವರ ಗಂಡ ಪಂಚಾಕ್ಷರಪ್ಪ. ಅನ್ನಪೂರ್ಣಮ್ಮನಿಗೆ ಬಾಗಿಲು ಬಡಿಯುವ ಅಭ್ಯಾಸವೇ ಇರಲಿಲ್ಲ. "ಏನ್ ಮಾಡ್ತಿಯವ್ವ?" ಎನ್ನುತ್ತ ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ನೇರ ಒಳಗೇ ಬರುವವರು. ಸುಮಾ ದಡಬಡಿಸಿ ಪರದೆ ಲಾಕ್ ಮಾಡುತ್ತಿದ್ದಳು, ಒಳಗೊಳಗೇ ಸಿಡುಕುತ್ತಿದ್ದಳು, ಮಂಡಕ್ಕಿಯನ್ನು ಮಾತ್ರ ಒಂದು ಕಾಳೂ ಬಿಡದೆ ತಿನ್ನುತ್ತಿದ್ದಳು. ಅವಳ ಮುಖ ನೋಡಿ ಮಾತಾಡುತ್ತಿದ್ದವರು ಅವರೊಬ್ಬರೇ.

ಇಷ್ಟೆಲ್ಲ ಕಾವಲಿನಲ್ಲಿ ಒಂದನ್ನು ಮರೆತಿದ್ದಳು. ಬೀಗದ ಎರಡನೇ ಕೈಯನ್ನು, ಬಾಡಿಗೆಗೆ ಬಂದವರು ಮಾಡುವಂತೆ, ಅನ್ನಪೂರ್ಣಮ್ಮನಿಗೆ ಕೊಟ್ಟಿದ್ದಳು. ಮನೆಯವರ ಹತ್ತಿರ ಒಂದಿರಲಿ ಎಂದು, ಅಷ್ಟೆ.

ಆಯುಧಪೂಜೆಗೆ ಸುಮಾ ಗುತ್ತೂರಿಗೆ ಹೋದಳು. ಅಣ್ಣ ಟ್ರ್ಯಾಕ್ಟರಿಗೆ, ಪಂಪ್‌ಸೆಟ್ಟಿಗೆ ಪೂಜೆ ಮಾಡಿದ. ಉಂಡ ಕೈ ಆರುವ ಮೊದಲೇ ಹರಿಹರಕ್ಕೆ ಬಂದು ದಾವಣಗೆರೆ ಬಸ್ಸು ಹತ್ತಿದಳು. ಕೋಣೆಯ ಬೀಗ ಹಾಕಿದ ಹಾಗೇ ಇತ್ತು. ತೆಗೆದರೆ ಊದುಬತ್ತಿಯ ವಾಸನೆ.

ಪರದೆಯ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಕೀಬೋರ್ಡಿನ ಮೇಲೆ ಚೆಂಡುಹೂ, ಮುಂದೆ ನಿಂಬೆಹಣ್ಣು. ಪೆಟ್ಟಿಗೆಯನ್ನು ಯಾರೋ ಒದ್ದೆ ಬಟ್ಟೆಯಲ್ಲಿ ಭಕ್ತಿಯಿಂದ ತಿಕ್ಕಿ ಒರೆಸಿದ್ದರು. ಆ ಭಕ್ತಿಗೆ ಬೆನ್ನಿನ ಸೀಲು ಅರ್ಧ ಕಿತ್ತು ಸುರುಳಿ ಸುತ್ತಿಕೊಂಡಿತ್ತು. ಸುಮಾ ಅದನ್ನು ಬೆರಳಿನಿಂದ ಒತ್ತಿ ನೋಡಿದಳು, ಅಂಟಲಿಲ್ಲ. ಅತ್ತಿಗೆಯ ಸಾರಿನ ಪಾತ್ರೆ ಕಣ್ಣ ಮುಂದೆ ಬಂತು.

ಕೆಳಗಿಳಿದು, ನೆಂಟರು ಕೂತಿದ್ದ ನಡುಮನೆಯಲ್ಲೇ ಕೇಳಿದಳು. "ನನ್ ಕೋಣೆಗೆ ಯಾರು ಹೋಗಿದ್ರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರುಂಟು. ಅನ್ನಪೂರ್ಣಮ್ಮ ಹಾಗಲ್ಲ, ಮುಖ ಅರಳಿಸಿ ಹೇಳಿದರು: "ನಾನೇ ಕಣವ್ವ! ತಕ್ಕಡಿಗೆ ಮಾಡಿದ್ವಿ, ಸ್ಕೂಟರ್‌ಗೆ ಮಾಡಿದ್ವಿ. ನಿಂಗೆ ಅನ್ನ ಹಾಕೋದು ಅದೊಂದೇ ಅಲ್ವಾ, ಅದನ್ನ ಹೆಂಗೆ ಬಿಡೋದು? ಧೂಳು ಎಷ್ಟಿತ್ತು ಅಂತೀಯ!"

"ಅದನ್ನ ಮುಟ್ಟಿದ್ರೆ ನನ್ ಕೆಲ್ಸ ಹೋಗ್ತೈತ್ರಿ! ಕೇಳ್ದೆ ಯಾಕ ಒಳಗ ಹೋದ್ರಿ? ನನ್ ಬೀಗದ ಕೈ ಕೊಟ್ಬಿಡ್ರಿ."

ಅನ್ನಪೂರ್ಣಮ್ಮ ದೇವರ ಜಗುಲಿಯ ಮೇಲಿಂದ ಬೀಗದ ಕೈ ತಂದು ಕೊಟ್ಟರು. ಅದಕ್ಕೂ ಕುಂಕುಮ ಹಚ್ಚಿದ್ದರು.

ಸುಮಾ ನಡೆದದ್ದನ್ನೆಲ್ಲ ಗಿರೀಶನಿಗೆ ಫೋನಿನಲ್ಲಿ ಒಪ್ಪಿಸಿದಳು. ಅವನು ಅಲ್ಲಿಂದಲೇ ಕಂಪ್ಯೂಟರ್ ಪರೀಕ್ಷಿಸಿ, ಯಾರೂ ಅದನ್ನು ಆನ್ ಮಾಡಿಲ್ಲ ಎಂದು ಖಾತ್ರಿ ಮಾಡಿಕೊಂಡ. "ಈಗ ಬೀಗದ ಕೈ ಯಾರ ಹತ್ರ ಐತೆ ಮೇಡಂ?"

"ಎರಡೂ ನನ್ ಹತ್ರಾನೇ ಸರ್."

"ವೆರಿ ಗುಡ್. ಹೊಸ ಸೀಲು ಕಳಿಸ್ತೀನಿ." ಕೆಲಸ ಉಳಿಯಿತು.

ಮಹಡಿಯ ಮೆಟ್ಟಿಲು ಮಾತ್ರ ಸುಮ್ಮನಾಯಿತು, ಅನ್ನಪೂರ್ಣಮ್ಮ ಮೇಲೆ ಬರುವುದನ್ನೇ ಬಿಟ್ಟರು. ಸುಮಾ ಕೆಳಗೆ ಹೋಗಿ ತಪ್ಪಾಯಿತೆಂದಳು. "ಅಯ್ಯ, ಅದ್ರಾಗೇನೈತೆ ಬಿಡವ್ವ, ನಿನ್ ಕೆಲ್ಸ ದೊಡ್ಡದು" ಎಂದು ಅನ್ನಪೂರ್ಣಮ್ಮ ನಕ್ಕರು. ಜಗಳವಾಡಿದ್ದರೆ ರಾಜಿಯಾಗಬಹುದಿತ್ತು. ನಗುನಗುತ್ತಲೇ ದೂರ ಸರಿದವರನ್ನು ಏನು ಹೇಳಿ ಮತ್ತೆ ಕರೆಯುವುದು? ಮೆಟ್ಟಿಲಲ್ಲಿ ಸಪ್ಪಳವಾದರೆ ಸುಮಾಳ ಕೈ ತಾನಾಗಿ ಪರದೆ ಲಾಕ್ ಮಾಡಲು ಹೋಗುತ್ತಿತ್ತು. ನೀರಿನ ಟ್ಯಾಂಕು ನೋಡಲು ಪಂಚಾಕ್ಷರಪ್ಪ ತಾರಸಿಗೆ ಹೋಗುತ್ತಿದ್ದರು, ಅಷ್ಟೆ. ದಿನವಿಡೀ ಯಾವ ಊರಿನವರದೋ ಎದೆನೋವು, ಮಂಡಿನೋವು ಟೈಪಿಸಿ ಸಂಜೆ ಹೆಡ್‌ಫೋನ್ ತೆಗೆದರೆ, ತಾನು ಬಾಯಿ ಬಿಟ್ಟು ಮಾತಾಡಿದ್ದು ಯಾವಾಗ ಎಂದೇ ನೆನಪಾಗುತ್ತಿರಲಿಲ್ಲ. ಒಮ್ಮೊಮ್ಮೆ ಅಳು ಬರುತ್ತಿತ್ತು. ಅತ್ತರೆ ಯಾಕೆಂದು ಕೇಳುವವರೂ ಇರಲಿಲ್ಲ.

ಮತ್ತೆ ಆಯುಧಪೂಜೆ ಬಂತು. ಈ ಸಲ ಸುಮಾ ಗುತ್ತೂರಿಗೆ ಹೋಗಲಿಲ್ಲ. ನೀವು ಎದುರಿಗಿದ್ದು, ಬೇರೆಯವರು ಪೆಟ್ಟಿಗೆಯ ಮೇಲಷ್ಟೇ ಹೂವಿಟ್ಟರೆ ಅಡ್ಡಿಯಿಲ್ಲ ಎಂದು ಗಿರೀಶನಿಂದ ಮೊದಲೇ ಒಪ್ಪಿಗೆ ಪಡೆದಿದ್ದಳು. ಕಂಪ್ಯೂಟರ್ ಆರಿಸಿ, ಬಾಗಿಲು ಅಗಲವಾಗಿ ತೆರೆದಿಟ್ಟು, ಕೆಳಗೆ ಹೋದಳು. "ಅಮ್ಮಾರೇ, ಬಂದು ಪೂಜೆ ಮಾಡ್ಕೊಡ್ರಿ."

ಅನ್ನಪೂರ್ಣಮ್ಮ ತಟ್ಟೆ ಹಿಡಿದು ಮೆಟ್ಟಿಲು ಹತ್ತಿದರು. ಮೊದಲೇ ಮೇಲೆ ಬಂದಿದ್ದ ಸುಮಾ, ಎಷ್ಟೋ ದಿನದ ಮೇಲೆ ಅವರ ಬಳೆಗಳ ಸದ್ದು ಕೇಳಿ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದಳು. ಆದರೆ ಸದ್ದು ಹೊಸಿಲ ಹೊರಗೇ ನಿಂತಿತು.

"ಒಳಗ ಬರ್ರಿ."

"ನೀನೇ ಹಚ್ಚವ್ವ. ನನ್ ಕೈ ತಾಗಿ ಮತ್ತೇನಾರ ಆದ್ರೆ?" ಅವರು ತಟ್ಟೆ ಚಾಚಿದರು.

ಸುಮಾ ವಿಭೂತಿ ಹಚ್ಚಿದಳು, ಹೂವಿಟ್ಟಳು. ತಟ್ಟೆ ಹಿಂದಕ್ಕೆ ಕೊಡುವಾಗ ಎರಡನೇ ಬೀಗದ ಕೈಯನ್ನೂ ಅದರಲ್ಲಿಟ್ಟಳು. "ಇದು ನಿಮ್ ಹತ್ರ ಇರ್ಲಿ ಅಮ್ಮಾರೇ."

ಅನ್ನಪೂರ್ಣಮ್ಮ ಅದನ್ನು ಎತ್ತಿ ಅವಳ ಅಂಗೈಗೇ ಇಟ್ಟು, ಬೆರಳು ಮಡಚಿದರು. "ಬ್ಯಾಡವ್ವ. ನಿನ್ನದು ನಿನ್ ಹತ್ರಾನೇ ಇರ್ಲಿ." ಮಾತಿನಲ್ಲಿ ಸಿಟ್ಟಿರಲಿಲ್ಲ. ಕೆಳಗೆ ನೆಂಟರು ಕಾಯುತ್ತಿದ್ದಾರೆಂದು ಹೇಳಿ ಇಳಿದುಹೋದರು.

ಆ ದಿನ ಸುಮಾ ಬಾಗಿಲು ಮುಚ್ಚಲೇ ಇಲ್ಲ. ಕತ್ತಲಾಗುವವರೆಗೂ ಯಾರೂ ಬರಲಿಲ್ಲ.