ಹಸಿಮಣ್ಣಿನ ಮುದ್ರೆ

"ಕಾಲು ಮಡಿಸ್ರಿ, ಸಾವಕಾಶ," ಎಂದು ತಂದೆ ದ್ಯಾಮಪ್ಪ ಹೇಳುತ್ತಲೇ ಇದ್ದ. ಜಳಕ ಮಾಡಿಸಿದ ಮಗನನ್ನು ನಾಲ್ವರು ಹಿಡಿದು ಗೋಡೆಗೆ ಒರಗಿಸಿ ಕೂರಿಸಲು ಹೆಣಗುತ್ತಿದ್ದರು. ನಿನ್ನೆ ಸಂಜೆ ಪಂಪ್‌ಸೆಟ್ಟಿನ ಕರೆಂಟು ಹೊಡೆದು ಸತ್ತ ಚನ್ನವೀರನ ಮೈ ಆಗಲೇ ಸೆಟೆದಿತ್ತು. ಬದುಕಿದ್ದಾಗ ಹೇಳಿದ ಮಾತಿಗೆಲ್ಲ ತಲೆಬಾಗಿಸುತ್ತಿದ್ದವನು ಈಗ ಯಾರ ಮಾತೂ ಕೇಳುತ್ತಿರಲಿಲ್ಲ.

ಜಗಲಿಯ ಮೇಲೆ ಭಜನೆಯವರು ತಾಳ ಸರಿಮಾಡಿಕೊಳ್ಳುತ್ತಿದ್ದರು. ದಾಸನಕೊಪ್ಪದ ಅರ್ಧ ಊರು ಅಂಗಳದಲ್ಲಿತ್ತು.

"ಬಿ.ಎ. ಓದಿದ ಹುಡುಗ. ಗೊಬ್ಬರದ ಅಂಗಡ್ಯಾಗ ಚೀಲಾ ಹೊತ್ತ," ಎಂದ ಪಕ್ಕದ ಮನೆಯ ಚೌಡ.

"ಆ ದಿಬ್ಬ ಅಗಿಯೋ ಕೆಲಸಕ್ಕ ಹೊಕ್ಕಿದ್ನಲ್ಲ, ಯಾಕ ಬಿಟ್ಟ?"

"ಕೆಲಸ ಮುಗೀತು ಅಂದ. ಮತ್ತ ಏನ ಕೇಳಿದ್ರೂ ಬಾಯಿ ಬಿಡಲಿಲ್ಲ."

ಆಗಷ್ಟೇ ಬೈಕು ನಿಲ್ಲಿಸಿ ಬಂದ ಸಂಜಯ ಈ ಮಾತು ಕೇಳಿ ತಲೆ ತಗ್ಗಿಸಿದ. ಅವನೂ ಅದೇ ದಿಬ್ಬದಲ್ಲಿ ಅಗೆದವನು. ಈಗ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಕಾಯಂ ನೌಕರ.

*

ತೊಂಬತ್ತೇಳರ ಮಾತು. ಮ್ಯೂಸಿಯಂ ಕೆಲಸಕ್ಕೆ ಅರ್ಜಿ ಹಾಕಿದಲ್ಲೆಲ್ಲ ಚನ್ನವೀರನಿಗೆ ಒಂದೇ ಉತ್ತರ: ಅನುಭವ ಇದೆಯೇ? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಕೊನೆಗೆ ಬನವಾಸಿ ರಸ್ತೆಯ ಪಕ್ಕದ ದಿಬ್ಬದಲ್ಲಿ ಉತ್ಖನನ ಶುರುವಾದಾಗ, ಊಟ ಹಾಕಿದರೆ ಸಾಕು ಎಂದು ಹೋಗಿ ನಿಂತ. ಹೋದ ದಿನವೇ ಅವನಿಗೆ ಮಣ್ಣಿನ ಹುಚ್ಚು ಹಿಡಿಯಿತು. ಅಷ್ಟು ಖುಷಿಯಾಗಿದ್ದ ಅವನನ್ನು ಮತ್ತೆಂದೂ ಯಾರೂ ನೋಡಿದ್ದಿಲ್ಲ.

ಹುಡುಗರಿಗೆ ಕೊಟ್ಟ ಕೆಲಸ ಮಡಕೆ ಚೂರು ತೊಳೆಯುವುದು. ಸುಟ್ಟ ಮಡಕೆಗೆ ನೀರು, ಸುಡದ ಮಣ್ಣಿಗೆ ಒಣ ಬ್ರಶ್ಶು ಎಂಬುದು ಅಲ್ಲಿಯ ಮೊದಲ ಪಾಠ. ಒಂದು ಮಧ್ಯಾಹ್ನ ಹೊಟ್ಟೆ ಹಸಿದಿತ್ತು, ಬುಟ್ಟಿ ಬಾಕಿಯಿತ್ತು. ಚನ್ನವೀರ ಆರಿಸಿ ನೋಡದೆ ಬುಟ್ಟಿಯನ್ನು ಬೋಗುಣಿಗೆ ಸುರಿದ. ಹೆಬ್ಬೆಟ್ಟಿನಷ್ಟು ದೊಡ್ಡ ಹಸಿಮಣ್ಣಿನ ಮುದ್ರೆಯೊಂದು ನೀರಿನಲ್ಲಿ ಮಗುಚಿತು. ಅದರ ಮೇಲಿನ ಅಕ್ಷರಗಳು ಕಂಡವು. ಕೈ ಹಾಕಿ ಹಿಡಿಯುವಷ್ಟರಲ್ಲಿ ಬೆರಳ ಸಂದಿಯಿಂದ ಕೆಸರಾಗಿ ಇಳಿದುಹೋಯಿತು.

"ಏನು ಬರೆದಿತ್ತು?" ಎಂದರು ಉತ್ಖನನ ನಡೆಸುತ್ತಿದ್ದ ಸಾಹೇಬರು.

"ನಾಕು ಅಕ್ಷರ ಇದ್ವು ಸರ್. ಮೂರು ನೆನಪದಾವು."

"ಅರ್ಧ ಹೆಸರು ಇಟ್ಟುಕೊಂಡು ಏನು ಮಾಡಲಿ? ನಾಳೆಯಿಂದ ಬರಬೇಡ."

ಅನುಭವಪತ್ರ ಬೇಡಲು ಅವನಿಗೆ ಬಾಯೇ ಬರಲಿಲ್ಲ. ದಾರಿಯಲ್ಲಿ ಸಂಜಯನ ಕೈ ಹಿಡಿದು, "ಯವ್ವಗ ಹೇಳಬ್ಯಾಡೋ. ಮಗ ಕೆಲಸಗೇಡಿ ಅಂತ ಕೊರಗತಾಳ," ಎಂದ.

*

ಹೋದ ತಿಂಗಳು ಇಬ್ಬರೂ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಏಳು ವರ್ಷದಿಂದ ಚನ್ನವೀರ ಮರೆತ ಆ ಒಂದು ಅಕ್ಷರಕ್ಕಾಗಿ ಮಣ್ಣು ಕಲಸಿ ಮುದ್ರೆ ಮಾಡುವುದು, ಕೆಡಿಸುವುದು ನಡೆಸಿದ್ದ. ಅಂದು ಅವನ ಮುಖ ಬೇರೆಯೇ ಇತ್ತು.

"ನಾಕನೇದು ನೆನಪಾತು ಸಂಜೂ. ಕೆರಿಯಾಗ ಕೈ ತೊಳಿಯೋವಾಗ ಕಣ್ಮುಂದ ಬಂದು ನಿಂತಿತು."

"ಯಾವ ಅಕ್ಷರಲೇ?"

"ಹಳೇ ಲಿಪಿ, ಬಾಯಿಲೆ ಹೆಂಗ ಹೇಳ್ಲಿ? ಮುದ್ರಿ ಮಾಡೀನಿ. ಒಣಗಲಿ, ಸಾಹೇಬ್ರಿಗೆ ತೋರಿಸೋಣು. ಒಮ್ಮೆ ಹೌದು ಅಂದ್ರ ಸಾಕು."

*

ಸಂಜಯ ಅಡುಗೆಮನೆಯ ಬಾಗಿಲಿಗೆ ಹೋದ. ಗುರುಶಾಂತವ್ವ ಅಳುವುದನ್ನೂ ಮರೆತು ಮಗನ ಅಂಗಿಗಳನ್ನು ಮಡಿಸುತ್ತಿದ್ದಳು.

"ಯವ್ವಾ, ಚನ್ನೂ ಒಂದು ಮಣ್ಣಿನ ಮುದ್ರಿ ಮಾಡಿದ್ನಲ್ಲ?"

"ದೇವರ ಗೂಡಿನ್ಯಾಗ ಐತಿ. ನನಗೂ ಮುಟ್ಟಗೊಡ್ತಿದ್ದಿಲ್ಲ. ಅದರಿಂದ ಏನಾಕ್ಕೈತೋ ಯಪ್ಪಾ?"

"ಸಾಹೇಬ್ರಿಗೆ ತೋರಸ್ತೀನಿ. ಅಂವ ಎಂಥಾ ಕೆಲಸಗಾರ ಇದ್ದ ಅಂತ ಅವರಿಗೆ ತಿಳೀಬೇಕು."

ಬೆಳಗಿನಿಂದ ಮೊದಲ ಬಾರಿಗೆ ಅವಳು ತಲೆಯೆತ್ತಿದಳು. "ಹೌದಾ? ನನ್ನ ಮಗನ ಹೆಸರು ಆಫೀಸಿನ್ಯಾಗ ಹೇಳ್ತೀಯಾ?"

"ಹೇಳ್ತೀನಿ."

ಅವಳು ಒಳಗೆ ಹೋದಳು. ಸಂಜಯ ಮುದ್ರೆ ಸುತ್ತಿಕೊಳ್ಳಲು ಕರವಸ್ತ್ರ ತೆಗೆದ. ಅಷ್ಟರಲ್ಲಿ, "ಹೆಗಲು ಕೊಡ್ರಿ, ಹೊತ್ತಾತು," ಎಂದು ದ್ಯಾಮಪ್ಪ ಕೂಗಿದ. ಗೆಳೆಯನಿಗೆ ಹೆಗಲು ಕೊಡದೆ ನಿಲ್ಲುವುದಾದರೂ ಹೇಗೆ?

ಮನೆಯ ಹಿಂದಿನ ಹೊಲದಲ್ಲೇ ಕುಣಿ ತೋಡಿದ್ದರು. ಚನ್ನವೀರನನ್ನು ಅದರಲ್ಲಿಳಿಸಿ ಕೂರಿಸಿದಾಗ ಗುರುಶಾಂತವ್ವ ಓಡುತ್ತ ಬಂದಳು. ಎರಡೂ ಕೈ ಬೊಗಸೆಯಾಗಿ ಮುಚ್ಚಿದ್ದವು, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಧೂಳ ಹಿಡದಿತ್ತಪ್ಪಾ," ಎಂದಳು. "ಸಾಹೇಬ್ರ ಕೈಗೆ ಹೋಗೋದು, ಹಂಗ ಹೆಂಗ ಕೊಡ್ಲಿ? ಚಂದಗ ತೊಳದ ಕೊಡೋಣು ಅಂದ್ರ, ನೋಡು..."

ಬೊಗಸೆ ಬಿಚ್ಚಿದಳು. ಬರೀ ಕೆಂಪು ಕೆಸರು.

"ತಪ್ಪ ಮಾಡಿದ್ನೇನೋ?"

ಸಂಜಯ ಕುಣಿಯೊಳಗೆ ನೋಡಿದ. ವಿಭೂತಿ ಬಳಿದ ಹಣೆ ತಗ್ಗಿತ್ತು.

"ಇಲ್ಲ ಯವ್ವಾ. ಬರೇ ಮಣ್ಣದು."

"ಎಲ್ಲಾರೂ ಮಣ್ಣು ಕೊಡ್ರಿ," ಎಂದರು ಹಿರಿಯರು. ಸುತ್ತ ನಿಂತವರ ಕೈಗಳಿಂದ ಒಣಮಣ್ಣು ಸರಾಗವಾಗಿ ಉದುರಿತು. ಗುರುಶಾಂತವ್ವನೂ ಕೈ ಚಾಚಿದಳು. ಅವಳ ಅಂಗೈಯ ಮಣ್ಣು ಮಾತ್ರ ಬೀಳಲಿಲ್ಲ. ಅವಳು ಕೈ ಕೊಡವಿದಳು, ಮತ್ತೆ ಕೊಡವಿದಳು.