ಲಿಫ್ಟಿನೊಳಗಿನ ಸದ್ದುಗಳು

ಲಿಫ್ಟ್ ಎರಡು ಮಹಡಿಗಳ ನಡುವೆ ಗಕ್ಕನೆ ನಿಂತಿತು, ದೀಪವೂ ಆರಿಹೋಯಿತು. ಒಳಗಿದ್ದವರು ಇಬ್ಬರೇ: ಲಿಫ್ಟ್ ರಿಪೇರಿಯವಳು ಮತ್ತು ಅವಳ ಅತ್ತಿಗೆ. ಕಂಪನಿಗೆ ಫೋನ್ ಮಾಡಿದ್ದಾಗಿತ್ತು. ಇನ್ನು ಕಾಯಬೇಕಷ್ಟೆ.

ಮೇಲೆಲ್ಲೋ ಟಕ್ಕೆಂದಿತು. ಅತ್ತಿಗೆಯ ಜೀವ ಬಾಯಿಗೆ ಬಂತು. "ಹಗ್ಗ ಕಿತ್ತುಹೋಯ್ತೇನೇ?"

"ಅದು ಬ್ರೇಕು ಅತ್ತಿಗೆ. ಗಟ್ಟಿಯಾಗಿ ಕಚ್ಚಿ ಹಿಡ್ಕೊಂಡಿದೆ."

"ಈ ಕಿರ್ರ್ ಅನ್ನೋದು?"

"ತಂತಿ ಹಗ್ಗ. ಅಂಥವು ನಾಲ್ಕಿವೆ. ನೀವೆಷ್ಟೇ ದಪ್ಪ ಇದ್ರೂ ಒಂದೇ ಸಾಕು."

ಆ ಕತ್ತಲಲ್ಲೂ ಅತ್ತಿಗೆ ಕಿಸಕ್ಕನೆ ನಕ್ಕಳು. ಒಳಗೆ ಸಿಕ್ಕಿಕೊಂಡವರಿಗೆ ಒಂದೊಂದು ಸದ್ದಿನ ಹೆಸರನ್ನೂ ಹೇಳುತ್ತಿರಬೇಕು, ಹೆದರಿಕೆ ಇಳಿಯುತ್ತದೆ ಎಂದು ರಿಪೇರಿಯವಳಿಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳಿಕೊಟ್ಟಿದ್ದ. ಬಾಗಿಲಾಚೆ ನಿಂತು ಎಷ್ಟು ಜನರಿಗೆ ಹೇಳಿದ್ದಳೋ! ಆದರೆ ತಾನೇ ಒಳಗೆ ಸಿಕ್ಕಿಬಿದ್ದದ್ದು ಇದೇ ಮೊದಲು. ಈ ಹಾಳು ಪೆಟ್ಟಿಗೆಯ ಗೋಡೆಗಳು ಮೈಮೇಲೆ ಬರುತ್ತಿರುವಂತೆ ಅನ್ನಿಸಿತು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಇದ್ಯಾವುದೇ, ಗಲಗಲ ಅಂತಿರೋದು?"

ಅವಳು ಕಿವಿಗೊಟ್ಟಳು. ಲಿಫ್ಟಿನಲ್ಲಿ ಹಾಗೆ ಸದ್ದು ಮಾಡುವ ಭಾಗವೇ ಇಲ್ಲ. ಅವಳು ಹೆದರಿದಷ್ಟೂ ಸದ್ದು ಜೋರಾಯಿತು. ಆಗ ಗೊತ್ತಾಯಿತು, ಅದು ತನ್ನದೇ ಕೈಯಲ್ಲಿದ್ದ ಕೀಗೊಂಚಲು.

ಏನಾದರೊಂದು ಸುಳ್ಳು ಹೇಳಿಬಿಡೋಣ ಎಂದುಕೊಂಡಳು. ಬಾಯಿಗೆ ಬಂದದ್ದು ನಿಜವೇ.

"ಅದು ನಾನು ಅತ್ತಿಗೆ. ನಂಗೆ ಭಯ ಆಗ್ತಿದೆ. ಕೈ ನಡುಗ್ತಿದೆ."

ಅತ್ತಿಗೆ ಕತ್ತಲಲ್ಲಿ ತಡಕಾಡಿ ಆ ಕೈ ಹಿಡಿದುಕೊಂಡಳು. ಇಬ್ಬರೂ ಉಸಿರು ಬಿಗಿಹಿಡಿದು ಆಲಿಸಿದರು.

"ಗಲಗಲ ಕಮ್ಮಿ ಆಯ್ತು ನೋಡು," ಎಂದಳು ಅತ್ತಿಗೆ. "ಇನ್ನೊಂದ್ಸಲ ಹೇಳು."