ಕೇಳದೇ ಹೋದ ರಜೆ

ಕೋಡಿಪಡುವಿನ ಚರ್ಚನ್ನು ಈ ಬೇಸಿಗೆ ಮುಗಿದ ಮೇಲೆ ಬಿಚ್ಚಿಹಾಕುತ್ತಾರೆ ಎಂಬ ಸುದ್ದಿ ಸೌದಿಯ ಥುಕ್ಬಾದ ಮೂರನೇ ಮಹಡಿಯ ಮನೆಗೆ ಬಂದದ್ದು ಒಂದು ಶುಕ್ರವಾರ ಮಧ್ಯಾಹ್ನ. ಶರ್ಮಿಳಾ ಮೀನು ಸಾರಿಗೆ ಹುಣಸೆಹುಳಿ ಕಿವುಚುತ್ತಿದ್ದಳು. ಅವಳ ಅಪ್ಪ ಸಾಂತಪ್ಪ ಫೋನು ಕಿವಿಗಿಟ್ಟುಕೊಂಡು ಹೊರಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. "ಹೌದಾ", "ಹೌದಾ" ಎಂದು ನಾಲ್ಕು ಸಲ ಅಂದರು. ಫೋನು ಇಟ್ಟು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಹಿಂಬದಿಯ ಗೋಡೆ ಕಡಲಿಗೆ ಹೋಯ್ತಂತೆ. ಬರುವ ಮಳೆಗಾಲಕ್ಕೆ ಉಳಿದದ್ದೂ ಹೋದೀತು. ಅದಕ್ಕೆ ಮೊದಲು ಹಂಚು, ಮರ ಎಲ್ಲ ಇಳಿಸುದಂತೆ. ಮೇ ತಿಂಗಳ ಕೊನೆಯ ಆದಿತ್ಯವಾರ ಕೊನೆಯ ಆರಾಧನೆ."

ಶರ್ಮಿಳಾ ಕೈಯನ್ನು ಹುಳಿನೀರಿನಲ್ಲೇ ಬಿಟ್ಟು ನಿಂತಳು.

ಅದು ದೊಡ್ಡ ಚರ್ಚೇನಲ್ಲ. ಕಂಬವಿಲ್ಲ, ಗೋಪುರವಿಲ್ಲ, ಕೆಂಪು ಕಲ್ಲಿನ ಒಂದೇ ಕೋಣೆ. ಸಾಂತಪ್ಪನ ಅಜ್ಜ ಮಿಷನ್ನಿನ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಬೇಸಿಗೆಯಲ್ಲಿ ಊರೊಳಗಿನ ಸೆಕೆ ತಡೆಯಲಾರದೆ ಏಳೆಂಟು ಕುಟುಂಬಗಳು ಕಡಲ ಬದಿಗೆ ಬಂದು ತೆಂಗಿನ ಮಡಲಿನ ಜೋಪಡಿ ಕಟ್ಟಿಕೊಂಡು ಇರುತ್ತಿದ್ದವಂತೆ. ದೊಡ್ಡ ಚರ್ಚು ಮೂರು ಮೈಲಿ ದೂರ. ಹಾಗಾಗಿ ಒಡೆದ ಹಂಚು, ಉಳಿದ ಕಲ್ಲು ಹೊತ್ತು ತಂದು ಹೊಳೆ ಕಡಲು ಸೇರುವ ಮರಳ ಕೋಡಿಯಲ್ಲಿ ಅದನ್ನು ಎಬ್ಬಿಸಿದರು. ಈಸ್ಟರ್ ಕಳೆದ ಮೇಲೆ ಬಾಗಿಲು ತೆಗೆಯುವುದು, ಮೇ ಕೊನೆಗೆ ಮುಚ್ಚುವುದು. ಮಳೆಗಾಲದಲ್ಲಿ ತೆರೆಗಳು ಮೆಟ್ಟಿಲವರೆಗೆ ಬರುವುದರಿಂದ ಮಡಲಿನ ತಟ್ಟಿ ಕಟ್ಟಿ ಬೀಗ ಹಾಕಿಬಿಡುತ್ತಿದ್ದರು.

ಅಲ್ಲಿ ದೀಕ್ಷಾಸ್ನಾನಕ್ಕೆ ಬಾವಿಯ ನೀರು ಆಗದು, ನಳ್ಳಿಯ ನೀರು ಆಗದು. ಒರತೆಯ ನೀರೇ ಆಗಬೇಕು. ಕಡಲಿನಿಂದ ಹದಿನೈದು ಹೆಜ್ಜೆ ದೂರದಲ್ಲಿ ಮರಳು ತೋಡಿದರೆ ಸಿಹಿನೀರು ಜಿನುಗುತ್ತದೆ. ಮಳೆಗಾಲದಲ್ಲಿ ಕಡಲು ಆ ಗುಂಡಿಯನ್ನು ಮುಚ್ಚುತ್ತದೆ, ಬೇಸಿಗೆಗೆ ಮತ್ತೆ ತೋಡಬೇಕು. ಹಾರೆ ಗುದ್ದಲಿ ಮುಟ್ಟಿಸುವ ಹಾಗಿಲ್ಲ, ಕೈ ಮತ್ತು ತೆಂಗಿನ ಗೆರಟೆ ಮಾತ್ರ. ಆ ಕೆಲಸ ಸಾಂತಪ್ಪನ ಮನೆಯವರದ್ದು. ಅಜ್ಜ ತೋಡಿದರು, ಅಪ್ಪ ತೋಡಿದರು, ಕೊರೊನಾದ ವರ್ಷವೊಂದು ಬಿಟ್ಟರೆ ಮೂವತ್ತೈದು ವರ್ಷಗಳಿಂದ ಸಾಂತಪ್ಪ ಸೌದಿಯಿಂದ ಹೋಗಿ ತೋಡಿ ಬರುತ್ತಿದ್ದರು. ಥುಕ್ಬಾದ ಒಂದು ದರ್ಜಿ ಅಂಗಡಿಯಲ್ಲಿ ಅವರು ಕಟಿಂಗ್ ಮಾಸ್ಟರ್. ಅಂಗಡಿಯ ಯಜಮಾನ ಭಟ್ಕಳದ ಸಿದ್ದೀಕ್ ಸಾಹೇಬರು ಮೇ ತಿಂಗಳು ಬಂತೆಂದರೆ, "ಏನು ಸಾಂತಪ್ಪಣ್ಣ, ನಿಮ್ಮ ಹೊಂಡ ತೋಡುವ ಸೀಸನ್ ಬಂತಲ್ಲ! ಯಲ್ಲಾ, ಹೋಗಿ ಬನ್ನಿ" ಎಂದು ಬೈಯುತ್ತಲೇ ರಜೆ ಕೊಡುತ್ತಿದ್ದರು.

ಸಾಂತಪ್ಪನಿಗೂ ಮೋಹಿನಿಗೂ ಮದುವೆಯಾದದ್ದು ಆ ಚರ್ಚಿನಲ್ಲಿ. ಶರ್ಮಿಳಾಳ ತಲೆಗೆ ನೀರು ಬಿದ್ದದ್ದು ಅಲ್ಲಿ. ಮೋಹಿನಿ ತೀರಿಕೊಂಡು ಆರು ವರ್ಷ. ಆ ಮೇಲೆ ಸಾಂತಪ್ಪ ಬ್ಯಾಚುಲರ್ ರೂಮು ಬಿಟ್ಟು ಮಗಳ ಮನೆಗೇ ಬಂದಿದ್ದರು.

ಶರ್ಮಿಳಾಳ ಮಗಳು ವಿಸ್ಮಯಾಳಿಗೆ ಏಳು ವರ್ಷ ತುಂಬಿತ್ತು, ಇನ್ನೂ ದೀಕ್ಷಾಸ್ನಾನ ಆಗಿರಲಿಲ್ಲ. ಇಲ್ಲಿಯ ಶಾಲೆಗಳಿಗೆ ವಾರದ ರಜೆ ಶುಕ್ರವಾರ, ಶನಿವಾರ; ಬೇಸಿಗೆ ರಜೆ ಜುಲೈ, ಆಗಸ್ಟ್. ಆಗ ಊರಿನಲ್ಲಿ ಧೋ ಎಂದು ಮಳೆ, ಕೋಡಿಪಡುವಿನ ಚರ್ಚಿಗೆ ಬೀಗ. ವಿಸ್ಮಯಾ ಅದನ್ನು ನೋಡಿದ್ದೆಲ್ಲ ತಟ್ಟಿಯ ಹೊರಗಿನಿಂದಲೇ. ಊರಿನ ದೊಡ್ಡ ಚರ್ಚಿನ ಪಾಸ್ಟರು ಪ್ರತಿ ಜುಲೈಯಲ್ಲೂ ಕೇಳುತ್ತಿದ್ದರು, "ಇಲ್ಲಿಯೇ ಮಾಡಿಸುವನಾ?" ಸಾಂತಪ್ಪ ಇಲ್ಲಿಂದಲೇ ಫೋನಿನಲ್ಲಿ ಬೇಡ ಅನ್ನುತ್ತಿದ್ದರು, "ಬರುವ ವರ್ಷ ಹೇಗಾದರೂ ಮಾಡಿ ಮೇಯಲ್ಲಿ ಬರ್ತೇವೆ." ಒಂದು ವರ್ಷ ಕೊರೊನಾ, ಒಂದು ವರ್ಷ ವಾಸದ ಪರವಾನಗಿ ಇಕಾಮಾದ ತಾಪತ್ರಯ, ಇನ್ನೊಂದು ವರ್ಷ ಅಳಿಯನಿಗೆ ಹೊಸ ಕೆಲಸ. ಹೀಗೆ ಬರುವ ವರ್ಷ ಬರುವ ವರ್ಷ ಎಂದು ಏಳಾಯಿತು.

"ಈ ಸಲ ನೀನೂ ಮಗುವೂ ಬನ್ನಿ. ಹತ್ತು ದಿನ ಸಾಕು" ಎಂದರು ಸಾಂತಪ್ಪ. "ಆ ಚರ್ಚಿನ ದೀಕ್ಷಾಸ್ನಾನದ ಪುಸ್ತಕದ ಕೊನೆಯ ಹೆಸರು ನಮ್ಮ ವಿಸ್ಮಯಾಳದ್ದು ಆಗಲಿ."

ಅಳಿಯ ಅಖಿಲೇಶ್ ಜುಬೈಲಿನ ಒಂದು ಪ್ಲಾಂಟಿನಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ದುರಸ್ತಿಗೆಂದು ಶಟ್‌ಡೌನ್ ಕೆಲಸ ನಡೆಯುತ್ತಿದ್ದುದರಿಂದ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಮಾವನ ಮಾತು ಕೇಳಿ, "ನನಗೆ ಬರ್ಲಿಕ್ಕೆ ಆಗುದಿಲ್ಲ. ನೀವು ಹೋಗಿ. ಎಕ್ಸಿಟ್ ರೀ-ಎಂಟ್ರಿ ವೀಸಾ ಮೊಬೈಲಿನಲ್ಲೇ ಎರಡು ನಿಮಿಷದ ಕೆಲಸ" ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಶಾಲೆಯಲ್ಲಿ ಕೇಳು ಮಾತ್ರ. ಯುನಿಟ್ ಟೆಸ್ಟ್ ಉಂಟಲ್ಲ ಆ ಆದಿತ್ಯವಾರ? ಬುಧವಾರ ಹೇಗೂ ಮೀಟಿಂಗಿಗೆ ಹೋಗ್ತಿಯಲ್ಲ, ಮಿಸ್ಸಿನ ಹತ್ರ ನೀನೇ ಕೇಳು" ಎಂದ.

ಆಯ್ತು ಎಂದಳು ಶರ್ಮಿಳಾ. ಅವಳು ಎಲ್ಲದಕ್ಕೂ ಮೊದಲು ಹೇಳುವುದು ಅದೇ ಮಾತು.

ಶಾಲೆ ಎಂದರೆ ಅವಳಿಗೆ ಇವತ್ತಿಗೂ ಹೆದರಿಕೆ. ಹತ್ತನೆಯ ತರಗತಿಯಲ್ಲಿ ಗಣಿತದ ಪರೀಕ್ಷೆಗೆ ಕೂತವಳು ಅರ್ಧ ಗಂಟೆ ಖಾಲಿ ಹಾಳೆ ನೋಡಿ ಎದ್ದು ಬಂದಿದ್ದಳು. ಮತ್ತೆ ಕಟ್ಟಲಿಲ್ಲ. ಯಾರೂ ಗಟ್ಟಿಯಾಗಿ ಗದರಲೂ ಇಲ್ಲ. "ನನ್ನ ಮಗಳು ಸದ್ದಿಲ್ಲದವಳು" ಎಂದು ಅಪ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದರು. ಮಗಳಿಗೆ ಹಾಗಾಗಬಾರದು ಎಂದು ಶರ್ಮಿಳಾ ವಿಸ್ಮಯಾಳ ಒಂದು ಡಿಕ್ಟೇಶನ್ನನ್ನೂ ತಪ್ಪಿಸುತ್ತಿರಲಿಲ್ಲ. ಜ್ವರ ಬಂದ ದಿನವೂ ಗುಳಿಗೆ ಕೊಟ್ಟು ಬಸ್ಸು ಹತ್ತಿಸಿದ್ದಳು.

ಬುಧವಾರ ಸಂಜೆ ತಾಯಂದಿರ ಸಾಲು ಕ್ಲಾಸಿನ ಬಾಗಿಲಿನಿಂದ ಹೊರಗೆ ಕಾರಿಡಾರಿನವರೆಗೆ ಇತ್ತು. ಮುಂದಿದ್ದವಳು ಫ್ರಾಕ್ಷನ್ ಬಗ್ಗೆ ಇಂಗ್ಲಿಷಿನಲ್ಲಿ ಪಟಪಟನೆ ಕೇಳುತ್ತಿದ್ದಳು. ಅವಳ ಹಿಂದಿನವಳು ನಕ್ಕು ಮಿಸ್ಸಿನ ಕೈಯನ್ನೇ ಹಿಡಿದು ಮಾತಾಡಿದಳು. ಶರ್ಮಿಳಾ ಬಾಯೊಳಗೇ ವಾಕ್ಯ ಜೋಡಿಸುತ್ತಾ ನಿಂತಳು. ಚರ್ಚು ಅನ್ನಬೇಕೇ, ಬೇಡವೇ? ಫ್ಯಾಮಿಲಿ ಫಂಕ್ಷನ್ ಅಂದರೆ ಸಾಕೇ? ಟೆನ್ ಡೇಸ್ ಅಂದ ಕೂಡಲೇ ಮಿಸ್ ಹುಬ್ಬು ಏರಿಸಿದರೆ?

ಇಲ್ಹಾಮ್ ಮಿಸ್ ಸಣ್ಣ ಪ್ರಾಯದವಳು, ಕಣ್ಣ ಕೆಳಗೆ ಆಯಾಸ. ವಿಸ್ಮಯಾಳ ಪುಸ್ತಕ ತೆರೆದು, "ವೆರಿ ಸಿನ್ಸಿಯರ್ ಗರ್ಲ್. ನೆವರ್ ಆಬ್ಸೆಂಟ್!" ಎಂದಳು. ಆ ಮಾತು ಕೇಳಿ ಶರ್ಮಿಳಾಳಿಗೆ ಎಂಥದೋ ಸುಖವಾಯಿತು. ಆ ಸುಖದಲ್ಲೇ ಜೋಡಿಸಿಟ್ಟ ವಾಕ್ಯ ಕಳಚಿ ಬಿತ್ತು.

"ಎನಿಥಿಂಗ್ ಎಲ್ಸ್, ಮಾ?"

"ನೋ ಮಿಸ್. ಥ್ಯಾಂಕ್ ಯೂ ಮಿಸ್."

ಮನೆಗೆ ಬಂದಾಗ ಸಾಂತಪ್ಪ ಸೂಟ್‌ಕೇಸನ್ನು ಮಂಚದ ಕೆಳಗಿನಿಂದ ಎಳೆದು ಒರೆಸುತ್ತಿದ್ದರು. "ಎಂತ ಹೇಳಿದ್ರು?" ಎಂದರು ಮುಖ ಎತ್ತಿ.

"ಕೊಡುದಿಲ್ಲ ಅಂತೆ."

ಮಿಸ್ಸಿನ ಮುಂದೆ ಹೇಳಲಾಗದ ನಾಲ್ಕು ಮಾತಿಗಿಂತ ಈ ಸುಳ್ಳು ಎಷ್ಟು ಸುಲಭವಾಗಿ ಬಂತೆಂದು ಅವಳಿಗೇ ಹೆದರಿಕೆಯಾಯಿತು. ಸಾಂತಪ್ಪ ಬಟ್ಟೆ ಹಿಡಿದ ಕೈ ನಿಲ್ಲಿಸಿದರು.

"ಕಾಲಿಗೆ ಬಿದ್ದಾದರೂ ಕೇಳಬೇಕಿತ್ತು ಮಾರಾಯ್ತಿ. ನಾನೇ ಬಂದು ಒಂದು ಮಾತು ಹೇಳಲಾ?"

"ಬೇಡ ಅಪ್ಪ. ರೂಲ್ ಅಂತೆ."

ರೂಲ್ ಎಂದ ಮೇಲೆ ಸಾಂತಪ್ಪ ಮತ್ತೆ ಸೂಟ್‌ಕೇಸು ಒರೆಸತೊಡಗಿದರು. ಕೆಲಸಕ್ಕೆ ಕರೆಸಿಕೊಂಡ ಕಫೀಲು, ಕಚೇರಿ, ಕಾಗದಪತ್ರಗಳ ದೇಶದಲ್ಲಿ ಮೂವತ್ತೈದು ವರ್ಷ ಬಾಳಿದ ಮನುಷ್ಯ, ರೂಲಿಗೆ ಎದುರು ಆಡಿ ಅಭ್ಯಾಸವಿರಲಿಲ್ಲ. ಒಬ್ಬರೇ ಹೊರಟರು.

ಕೊನೆಯ ಆರಾಧನೆಯ ಆದಿತ್ಯವಾರ ಬೆಳಿಗ್ಗೆ ಆರು ಗಂಟೆಗೆ ವೀಡಿಯೊ ಕಾಲ್ ಬಂತು. ಊರಿನಲ್ಲಿ ಆಗಲೇ ಎಂಟೂವರೆಯ ಬಿಸಿಲು. ಶರ್ಮಿಳಾ ವಿಸ್ಮಯಾಳ ಜಡೆ ಹೆಣೆಯುತ್ತಿದ್ದಳು. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿದಳು. ಮೊದಲು ಅಪ್ಪನ ಮಂಡಿ ಕಂಡಿತು, ಆಮೇಲೆ ಮರಳು, ಆಮೇಲೆ ಮರಳಿನೊಳಗೆ ಬಕೆಟಿನಷ್ಟು ಅಗಲದ ಹೊಂಡ. ತಳದಲ್ಲಿ ನೀರು ಆಕಾಶ ಹಿಡಿದುಕೊಂಡು ಕೂತಿತ್ತು.

"ಅಜ್ಜಾ, ಈಸ್ ಇಟ್ ಅ ಪೂಲ್?"

"ಪೂಲಲ್ಲ ಮಗಾ, ಒರತೆ. ನೋಡು, ಕುಡೀಬಹುದು." ಸಾಂತಪ್ಪ ಗೆರಟೆಯಲ್ಲಿ ಮೊಗೆದು ಕುಡಿದು ತೋರಿಸಿದರು. ಉಗುರುಗಳ ಸಂದಿಯಲ್ಲಿ ಮರಳು. "ಉಪ್ಪೇ ಇಲ್ಲ. ನಿನ್ನೆ ಇಡೀ ಸಂಜೆ ತೋಡಿದೆ. ನಿನ್ನ ಅಮ್ಮನಿಗೂ ಇದೇ ನೀರು."

"ವೈ ಡಿಡ್ ಯೂ ಡಿಗ್ ಇಟ್, ಅಜ್ಜಾ?"

ಸಾಂತಪ್ಪ ಕಡಲಿನ ಕಡೆ ನೋಡಿದರು. "ಪ್ರತಿ ವರ್ಷ ತೋಡುದಲ್ವಾ, ಅದಕ್ಕೆ" ಎಂದರು.

ಫೋನು ತಿರುಗಿದಾಗ ಅವರ ಹಿಂದೆ ಚರ್ಚು ಕಂಡಿತು. ಬಿಳಿ ಸುಣ್ಣ ಹೊಸದಾಗಿ ಬಳಿದಿದ್ದರು. ಕೆಡವುವ ಕಟ್ಟಡಕ್ಕೆ ಯಾರು ಯಾಕೆ ಸುಣ್ಣ ಬಳಿದರೋ. ಹಿಂಬದಿಯ ಗೋಡೆಯಿದ್ದಲ್ಲಿ ನೀಲಿ ಟಾರ್ಪಾಲು ಗಾಳಿಗೆ ಉಬ್ಬುತ್ತಿತ್ತು. ಒಳಗೆ ಯಾರೋ ಕೀರ್ತನೆಯ ಮೊದಲ ಸಾಲು ಹಿಡಿದರು. ಅಷ್ಟರಲ್ಲಿ ಕೆಳಗೆ ಬಸ್ಸಿನ ಹಾರ್ನು ಕೇಳಿತು. ಶರ್ಮಿಳಾ ಮಗುವನ್ನು ಎಳೆದುಕೊಂಡು ಮೂರು ಮಹಡಿ ಇಳಿದಳು. ಮತ್ತೆ ಮೇಲೆ ಬಂದಾಗ ಕಾಲ್ ಕಟ್ಟಾಗಿತ್ತು. ಪುನಃ ಮಾಡಲು ಅವಳಿಗೆ ಕೈ ಬರಲಿಲ್ಲ.

ಯುನಿಟ್ ಟೆಸ್ಟಿನಲ್ಲಿ ವಿಸ್ಮಯಾಳಿಗೆ ಇಪ್ಪತ್ತಕ್ಕೆ ಹದಿನೇಳು ಬಂತು.

ಮುಂದಿನ ವಾರ ಎದುರು ಮನೆಯ ನಾಸಿರಾ ಒಂದು ತಟ್ಟೆ ಹಲ್ವ ಹಿಡಿದು ಬಂದಳು. ಅವಳ ಮಗಳು ರುಮೈಸಾ ವಿಸ್ಮಯಾಳ ಕ್ಲಾಸಿನವಳೇ. ಅಷ್ಟು ದಿನ ಅವರ ಬಾಗಿಲು ಹಾಕಿದ್ದು ನೋಡಿ, ದೂರದ ಜಿಜಾನಿನಲ್ಲಿರುವ ಅವಳ ನಾದಿನಿಯ ಮನೆಗೆ ಹೋಗಿರಬೇಕು ಎಂದುಕೊಂಡಿದ್ದ ಶರ್ಮಿಳಾ ಹಾಗೆಯೇ ಕೇಳಿದಳು.

"ಜಿಜಾನೂ ಇಲ್ಲ, ಎಂತದೂ ಇಲ್ಲ. ಭಟ್ಕಳಕ್ಕೆ! ತಮ್ಮನ ಮದುವೆ. ಹನ್ನೊಂದು ದಿನ ಕುಣಿದು ಬಂದ್ವಿ."

"ರುಮೈಸಾಳ ಟೆಸ್ಟ್?"

"ಬಂದ ಮೇಲೆ ಬರೆಸಿದ್ರು. ಲೈಬ್ರರಿಯಲ್ಲಿ ಕೂರಿಸಿ, ಹತ್ತು ನಿಮಿಷದ್ದು."

"ರಜೆ ಕೊಟ್ರಾ?"

"ಕೇಳಿದೆ, ಕೊಟ್ರು. ಒಂದು ಚೀಟಿ ಬರೀರಿ ಅಂದ್ಲು ಇಲ್ಹಾಮ್ ಮಿಸ್. ನನಗೆಲ್ಲಿ ಇಂಗ್ಲಿಷ್? ಉರ್ದುವಿನಲ್ಲಿ ಬರೆದು ಕೊಟ್ಟೆ. ಓದಿದಳೋ, ಹಾಗೇ ಫೈಲಿಗೆ ಹಾಕಿದಳೋ!" ನಾಸಿರಾ ತನ್ನ ಮಾತಿಗೆ ತಾನೇ ನಕ್ಕಳು. ಆಮೇಲೆ ಶರ್ಮಿಳಾಳ ಮುಖ ನೋಡಿ ನಗು ನಿಲ್ಲಿಸಿದಳು. "ಯಾಕೆ? ನಿಮ್ಮ ಚರ್ಚಿನದ್ದು ಎಂತದೋ ಇತ್ತಲ್ಲ. ನೀನು ಕೇಳ್ಲಿಲ್ವಾ?"

ಶರ್ಮಿಳಾ ತಟ್ಟೆಯನ್ನು ತೊಳೆಯಲು ಒಳಗೆ ಹೋದಳು. ಹಲ್ವ ಇನ್ನೂ ಅದರಲ್ಲೇ ಇತ್ತು.

ಸಾಂತಪ್ಪ ಬಂದಿಳಿದದ್ದು ಜೂನ್ ಎರಡನೇ ಶುಕ್ರವಾರ. ಅಖಿಲೇಶನೂ ಮನೆಯಲ್ಲಿದ್ದ. ಊಟ ಮುಗಿದ ಮೇಲೆ ಸಾಂತಪ್ಪ ಕಾಲು ಮಡಚಿ ಕೂತು ಕೊನೆಯ ದಿನದ ಕಥೆ ಶುರುಮಾಡಿದರು. ಯಾರು ಯಾರು ಬಂದಿದ್ದರು, ಮುಂಬೈಯಿಂದ ಎಷ್ಟು ಜನ, ಯಾರಿಗೆ ಕೂತರೆ ಏಳಲಿಕ್ಕಾಗುತ್ತಿರಲಿಲ್ಲ.

"ಒರತೆ ಸುಮ್ಮನೆ ಹೋಗ್ಲಿಲ್ಲ. ಹೆಜಮಾಡಿ ಕಡೆಯವರು ಒಂದು ಕೂಸು ತಂದಿದ್ರು, ಮೂರು ತಿಂಗಳದ್ದು. ಅದಕ್ಕೆ ಆಯ್ತು. ಪುಸ್ತಕದ ಕೊನೆಯ ಹೆಸರು ಅದರದ್ದು. ಆಗಲಿ, ಅದೂ ಮಗುವೇ ಅಲ್ವಾ."

"ಚೆನ್ನಾಗಿ ಆಯ್ತಲ್ಲ ಮಾವ" ಎಂದ ಅಖಿಲೇಶ್.

"ಆಯ್ತು. ಆದ್ರೆ ನಾನು ಬಿಡ್ಲಿಲ್ಲ." ಸಾಂತಪ್ಪನ ದನಿ ಏರಿತು. ಒರತೆ ತೋಡಿದ ಮನೆಯವರು ಚರ್ಚು ಮುಚ್ಚುವ ದಿನ ಎದ್ದು ನಿಂತು ನಾಲ್ಕು ಮಾತು ಸಾಕ್ಷಿ ಹೇಳುವುದು ಅಲ್ಲಿಯ ಪದ್ಧತಿ. "ಅಜ್ಜನ ಕಾಲದಿಂದ ದೇವರ ಉಪಕಾರ ನೆನೆಯುದೇ ಆಯ್ತು. ಈ ಸಲ ಹೇಳಿಬಿಟ್ಟೆ. ಏಳು ವರ್ಷದ ಕೂಸಿಗೆ ಹತ್ತು ದಿನ ರಜೆ ಕೊಡದ ಶಾಲೆ ಶಾಲೆಯಲ್ಲ, ಜೈಲು ಅಂದೆ. ನಮ್ಮ ಮನೆಯ ಮಗುವನ್ನು ಈ ನೀರಿನಿಂದ ತಪ್ಪಿಸಿದ್ದು ಒಬ್ಬಳು ಟೀಚರು ಅಂದೆ. ಹೆಂಗಸರೆಲ್ಲ ಕಣ್ಣೀರು ಹಾಕಿದ್ರು. ಪಾಸ್ಟರು ಹೆಸರು ಕೇಳಿದ್ರು, ಹೇಳಿದೆ. ಇಲ್ಹಾಮ್ ಎಂಬ ಆ ಹೆಣ್ಣುಮಗಳ ಹೃದಯ ಮೆತ್ತಗೆ ಮಾಡು ಕರ್ತನೇ ಅಂತ ಪ್ರಾರ್ಥನೆಯೇ ಮಾಡಿದ್ರು!"

ಅಖಿಲೇಶ್ ತಡೆಯಲಾರದೆ ನಕ್ಕ. "ಪಾಪ ಮಿಸ್ಸು! ಅವರಿಗೆ ಆ ದಿನ ಬಿಕ್ಕಳಿಕೆ ಬಂದಿರ್ಬೇಕು."

ಶರ್ಮಿಳಾ ನೆಲದ ಮೇಲೆ ಚೆಲ್ಲಿದ ಅನ್ನದ ಅಗುಳು ಹೆಕ್ಕುತ್ತಿದ್ದಳು. ಹೆಕ್ಕಿದ್ದನ್ನೆಲ್ಲ ಮುಷ್ಟಿಯಲ್ಲಿ ಹಿಡಿದುಕೊಂಡೇ ಎದ್ದು ನಿಂತಳು.

"ಅಪ್ಪ, ಮಿಸ್ ಕೊಡುದಿಲ್ಲ ಅನ್ಲಿಲ್ಲ."

"ಎಂತ?"

"ನಾನು ಕೇಳಲೇ ಇಲ್ಲ. ಸಾಲಿನಲ್ಲಿ ನಿಂತಿದ್ದೆ. ನನ್ನ ಸರದಿಯೂ ಬಂತು. ಬೇರೆ ಏನಾದ್ರೂ ಉಂಟಾ ಅಂತ ಅವರೇ ಕೇಳಿದ್ರು. ನನಗೆ ಬಾಯಿ ಬರ್ಲಿಲ್ಲ. ನಾಸಿರಾ ಕೇಳಿದ್ಲು, ಅವಳಿಗೆ ಕೊಟ್ರು."

ಅಖಿಲೇಶನ ನಗು ಮುಖದಲ್ಲೇ ಉಳಿದು ಬಾಡಿತು. ಸಾಂತಪ್ಪ ಮಗಳ ಕಡೆ ತಿರುಗಿದರು. ಗದರುವರೆಂದು ಅವಳು ಕಾದಳು. ಗದರಿದರೆ ಹಗುರವಾಗುತ್ತಿತ್ತು.

"ರೂಲ್ ಅಂದಿ."

"ಹೌದಪ್ಪ."

"ನಿನ್ನ ಅಮ್ಮನ ಕೈ ಹಿಡಿದ ಜಾಗ ಅದು. ಅಲ್ಲಿ ನಿಂತು ನಾನು ಯಾವತ್ತೂ ಸುಳ್ಳು ಹೇಳಿದವನಲ್ಲ." ಅವರು ತಮ್ಮ ಅಂಗೈಗಳನ್ನು ಮಗುಚಿ ನೋಡಿಕೊಂಡರು. "ನನ್ನ ಬಾಯಿಂದ ಅಲ್ಲಿ ಹೊರಟ ಕೊನೆಯ ಮಾತು ಅದು, ಶರ್ಮಿಳಾ."

"ನಾನು ಪಾಸ್ಟರಿಗೆ ಫೋನ್ ಮಾಡ್ತೇನೆ. ಈಗಲೇ ಮಾಡ್ತೇನೆ. ನನ್ನದೇ ತಪ್ಪು ಅಂತ ನಾನೇ ಹೇಳ್ತೇನೆ."

"ಹೇಳು. ಹೇಳಬೇಕಾದ್ದೇ." ಸಾಂತಪ್ಪ ಗೋಡೆ ಹಿಡಿದು ಎದ್ದರು. "ಆದ್ರೆ ಅಲ್ಲಿ ಕೂತು ಕೇಳಿದವರೆಲ್ಲ ಮನೆಗೆ ಹೋಗಿ ಆಯ್ತು. ಹಂಚೂ ಇಳಿಸಿ ಆಯ್ತು. ಆ ಮಾತನ್ನು ನಾನು ಇನ್ನು ಎಲ್ಲಿ ನಿಂತು ಹಿಂದೆ ತೆಗೆದುಕೊಳ್ಳುದು?"

ಅಂಗಡಿ ತೆರೆಯಲು ಇನ್ನೂ ಎರಡು ಗಂಟೆಯಿತ್ತು. ಆದರೂ ಅವರು ಚಪ್ಪಲಿ ಮೆಟ್ಟಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ಆ ಬಿಸಿಲಿಗೆ ಇಳಿದು ಹೋದರು. ಅಖಿಲೇಶ್ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ಒಳಗೆ ಒಯ್ದ.

ಕೋಣೆಯಲ್ಲಿ ಚಿತ್ರ ಬಿಡಿಸುತ್ತಿದ್ದ ವಿಸ್ಮಯಾ ಹೊರಗೆ ಬಂದು ಬಾಗಿಲ ಕಡೆ ನೋಡಿದಳು.

"ಮಮ್ಮಾ, ಈಸ್ ಅಜ್ಜ ಆಂಗ್ರಿ ವಿತ್ ಇಲ್ಹಾಮ್ ಮಿಸ್?"

"ಇಲ್ಲ ಮಗಾ" ಎಂದಳು ಶರ್ಮಿಳಾ. "ಮಿಸ್ ಎಂತದೂ ಮಾಡ್ಲಿಲ್ಲ." ಆಮೇಲೆ ಫೋನು ಕೈಗೆತ್ತಿಕೊಂಡು ಪಾಸ್ಟರ ನಂಬರು ಹುಡುಕತೊಡಗಿದಳು.